ಆಫ್ರಿಕನ್-ಅಮೆರಿಕನ್ನರಿಗೆ ಬಿಸಿನೆಸ್ ಮಾಡಲು ಇರುವ ಅಡ್ಡಿಗಳೇನು? ಅವಕಾಶಗಳೂ ಇವೆಯಾ?

ಭಾರತದಿಂದ ಹೋದವರು ಇಪ್ಪತ್ತು ವರ್ಷದಲ್ಲಿ ಮೋಟೆಲ್, ಪೆಟ್ರೋಲ್ ಬಂಕ್, ಸಾಫ್ಟ್‌ವೇರ್ ಕಂಪನಿ ಅಂತ ಮಾಡಿಕೊಳ್ಳುತ್ತಾರೆ, ತಲೆತಲಾಂತರದಿಂದ ಅಲ್ಲೇ ಇರುವ ಕಪ್ಪು ಜನರಿಗೆ ಯಾಕೆ ಆಗಲಿಲ್ಲ, ಈಗಲಾದರೂ ಅವಕಾಶ ಇದೆಯಾ ಅಂತ ಕೇಳಿದ್ದೀರಿ. ನಾನು ಅಟ್ಲಾಂಟಾದಲ್ಲಿ ಸಣ್ಣ ವ್ಯಾಪಾರಗಳ ಲೆಕ್ಕಪತ್ರ ಮತ್ತು ಟ್ಯಾಕ್ಸ್ ಕೆಲಸ ಮಾಡುತ್ತೇನೆ. ನನ್ನ ಹತ್ತಿರ ಬರುವವರಲ್ಲಿ ಕಪ್ಪು ಜನರೇ ಜಾಸ್ತಿ. ಸಲೂನ್, ಕೇಟರಿಂಗ್, ಟ್ರಕ್ಕು, ಕ್ಲೀನಿಂಗ್ ಕಾಂಟ್ರಾಕ್ಟ್ ಇಂಥವು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೊದಲು ಆ ಹೋಲಿಕೆ ನೋಡೋಣ. ನಾವು ಇಲ್ಲಿಗೆ ಬರುವ ಹೊತ್ತಿಗೆ ಅಪ್ಪ ಅಮ್ಮ ಫೀಸು ಕಟ್ಟಿ ಓದಿಸಿದ ಡಿಗ್ರಿ ಕೈಯಲ್ಲಿರುತ್ತದೆ. ವೀಸಾ ಕೊಡುವವರೇ ನಮ್ಮನ್ನು ಸೋಸಿರುತ್ತಾರೆ. ಎಷ್ಟೋ ಜನರಿಗೆ ಊರಲ್ಲಿ ಒಂದು ಸೈಟೋ ತೋಟವೋ ಇರುತ್ತದೆ. ನಮಗೆ ಬಾಗಿಲು ತೆರೆದ 1965ರ ವಲಸೆ ಕಾನೂನು ಬಂದದ್ದೂ ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟದ ಬಿಸಿಯಲ್ಲೇ. ಸರ್ಕಾರಿ ಕಾಂಟ್ರಾಕ್ಟ್‌ಗಳಲ್ಲಿ ಅಲ್ಪಸಂಖ್ಯಾತರಿಗೆ ಕೊಡುವ ಅನುಕೂಲದ ಪಟ್ಟಿಗೆ ಭಾರತೀಯರು ಸೇರಿದ್ದು 1982ರಲ್ಲಿ. ಅದರ ಲಾಭ ಪಡೆದ ನಮ್ಮವರೇ ಪಾರ್ಟಿಗಳಲ್ಲಿ ಕೂತು "ಇವರಿಗೆ ದುಡಿಯೋಕೆ ಮನಸ್ಸಿಲ್ಲ" ಅನ್ನುವುದನ್ನು ಕೇಳಿದ್ದೇನೆ. ಸಿಟ್ಟು ಬರುತ್ತದೆ.

ನಾನು ಲೆಕ್ಕದ ಪುಸ್ತಕಗಳಲ್ಲಿ ಕಂಡ ದೊಡ್ಡ ಅಡ್ಡಿ ಒಂದೇ. ಮೊದಲ ದುಡ್ಡು. ಕೆಲಸ ಬರುತ್ತದೆ, ಗಿರಾಕಿ ಇದ್ದಾರೆ, ಶುರು ಮಾಡೋಕೆ ಬಂಡವಾಳ ಇಲ್ಲ. ಸಣ್ಣ ವ್ಯಾಪಾರಗಳು ಸಾಮಾನ್ಯವಾಗಿ ಬ್ಯಾಂಕ್ ಸಾಲದಿಂದ ಹುಟ್ಟುವುದಿಲ್ಲ. ಮನೆ ಅಡ ಇಟ್ಟೋ, ಮಾವನ ಹತ್ತಿರ ಕೈಗಡ ತಗೊಂಡೋ, ಅಪ್ಪನ ಉಳಿತಾಯ ಹಾಕಿಯೋ ಶುರುವಾಗುತ್ತವೆ. ಬ್ಯಾಂಕು ಬರುವುದು ಆಮೇಲೆ. ಅಮೆರಿಕದ ಫೆಡರಲ್ ರಿಸರ್ವ್ 2022ರಲ್ಲಿ ಮಾಡಿದ ಸಮೀಕ್ಷೆ ನೋಡಿ. ಬಿಳಿಯ ಕುಟುಂಬಗಳನ್ನು ಆಸ್ತಿ ಲೆಕ್ಕದಲ್ಲಿ ಸಾಲಾಗಿ ನಿಲ್ಲಿಸಿದರೆ, ಸರಿಯಾಗಿ ನಡುವೆ ನಿಲ್ಲುವ ಕುಟುಂಬದ ಆಸ್ತಿ, ಸಾಲ ಕಳೆದು, 2,85,000 ಡಾಲರ್. ಕಪ್ಪು ಕುಟುಂಬಗಳಲ್ಲಿ ಅದು 44,900. ಇಂಥ ಮನೆಯಲ್ಲಿ ಮಗಳು ಬೇಕರಿ ಹಾಕುತ್ತೇನೆ ಅಂದರೆ ಅಪ್ಪ ಆಶೀರ್ವಾದ ಮಾಡಬಹುದು, ಅಷ್ಟೇ. ಅವಳು ಕ್ರೆಡಿಟ್ ಕಾರ್ಡ್ ಉಜ್ಜುತ್ತಾಳೆ. ಬಡ್ಡಿ ಕಟ್ಟಿಯೇ ಸುಸ್ತಾಗುತ್ತಾಳೆ.

ಆಸ್ತಿ ಯಾಕಿಲ್ಲ ಅಂತ ಕೇಳಿದರೆ ಇತಿಹಾಸಕ್ಕೆ ಹೋಗಲೇಬೇಕು. ಗುಲಾಮಗಿರಿ ಕೊನೆಯಾದ 1865ರಲ್ಲೇ ಬಿಡುಗಡೆಯಾದವರಿಗಾಗಿ ಫ್ರೀಡ್‌ಮನ್ಸ್ ಸೇವಿಂಗ್ಸ್ ಬ್ಯಾಂಕ್ ಶುರುವಾಯಿತು. ಸರ್ಕಾರವೇ ಹಿಂದಿದೆ ಅಂತ ನಂಬಿ ಜನ ಚಿಲ್ಲರೆ ಕಾಸು ಕೂಡಿಟ್ಟರು. ಆಡಳಿತ ನಡೆಸಿದವರು ಆ ದುಡ್ಡನ್ನು ಸಿಕ್ಕಸಿಕ್ಕವರಿಗೆ ಸಾಲ ಕೊಟ್ಟರು. 1874ರಲ್ಲಿ ಬ್ಯಾಂಕು ಮುಚ್ಚಿತು. 60,000ಕ್ಕೂ ಹೆಚ್ಚು ಜನರ ಸುಮಾರು 30 ಲಕ್ಷ ಡಾಲರ್ ಸಿಕ್ಕಿಬಿತ್ತು. ಕೊನೆಗಾಲದಲ್ಲಿ ಬ್ಯಾಂಕಿನ ಅಧ್ಯಕ್ಷರಾಗಿ ಬಂದ ಕಪ್ಪು ಜನರ ನಾಯಕ ಫ್ರೆಡ್ರಿಕ್ ಡಗ್ಲಸ್ ತಮ್ಮ ಸ್ವಂತ 10,000 ಡಾಲರ್ ಹಾಕಿದರೂ ಉಳಿಯಲಿಲ್ಲ. 1921ರಲ್ಲಿ ಒಕ್ಲಹೋಮಾ ರಾಜ್ಯದ ಟಲ್ಸಾ ಊರಿನ ಗ್ರೀನ್‌ವುಡ್‌ನಲ್ಲಿ ಕಪ್ಪು ಜನರ ಹೋಟೆಲು, ಅಂಗಡಿ, ಥಿಯೇಟರ್ ಎಲ್ಲ ಇದ್ದ ಬೀದಿಗಳನ್ನು ಬಿಳಿಯರ ಗುಂಪು ಸುಟ್ಟಿತು. ಗಲಭೆಯಲ್ಲಿ ಆದ ನಷ್ಟ ಅಂತ ಹೇಳಿ ವಿಮೆ ಕಂಪನಿಗಳು ಪರಿಹಾರ ಕೊಡದೆ ಕೈ ಎತ್ತಿಬಿಟ್ಟವು.

ನಮ್ಮ ಅಟ್ಲಾಂಟಾದಲ್ಲಿ ಬೆಂಕಿ ಬೇಕಾಗಲಿಲ್ಲ, ರಸ್ತೆ ಸಾಕಾಯಿತು. ಆಬರ್ನ್ ಅವೆನ್ಯೂ ಕಪ್ಪು ವ್ಯಾಪಾರಿಗಳ ದೊಡ್ಡ ಬೀದಿ. ಗುಲಾಮನಾಗಿ ಹುಟ್ಟಿ, ಕ್ಷೌರ ಮಾಡಿ ಬೆಳೆದ ಅಲಾಂಜೊ ಹರ್ನ್‌ಡನ್ 1905ರಲ್ಲಿ ಶುರು ಮಾಡಿದ ಅಟ್ಲಾಂಟಾ ಲೈಫ್ ವಿಮೆ ಕಂಪನಿಯ ಕಚೇರಿ ಅಲ್ಲೇ ಇತ್ತು. ಅದೇ ಬೀದಿಯ ಮೇಲೆ ಹೆದ್ದಾರಿ ಬಂತು. ಈಗಲೂ ಅಲ್ಲಿ ನಡೆದರೆ ತಲೆಯ ಮೇಲೆ ಟ್ರಾಫಿಕ್ ಸದ್ದು. ಇದರ ಜೊತೆಗೆ 1930ರ ದಶಕದ ಸರ್ಕಾರಿ ನಕ್ಷೆಗಳಲ್ಲಿ ಕಪ್ಪು ಜನರ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದು, ಅಲ್ಲಿ ಸಾಲ ಕೊಡುವುದು ಅಪಾಯ ಅಂತ ಗುರುತು ಹಾಕಿದ್ದರು. ಸಾಲ ಸಿಗದ ಕಡೆ ಮನೆಯ ಬೆಲೆ ಏರುವುದಿಲ್ಲ. ಬೆಲೆ ಇಲ್ಲದ ಮನೆ ಅಡ ಇಟ್ಟರೆ ಎಷ್ಟು ಸಿಗುತ್ತದೆ, ನೀವೇ ಹೇಳಿ.

ಷಿಕಾಗೋದ ಜಾರ್ಜ್ ಜಾನ್ಸನ್ ಕಥೆ ನನಗೆ ತುಂಬಾ ಇಷ್ಟ. 1954ರಲ್ಲಿ ಕೂದಲಿನ ಕ್ರೀಮ್ ತಯಾರಿಸಲು 250 ಡಾಲರ್ ಸಾಲ ಕೇಳಿದರು. ಬಿಸಿನೆಸ್‌ಗೆ ಅಂದದ್ದಕ್ಕೆ ಕೊಡಲಿಲ್ಲ. ಇನ್ನೊಂದು ಕಡೆ ಹೋಗಿ, ಹೆಂಡತಿ ಜೊತೆ ಪ್ರವಾಸ ಹೋಗಬೇಕು ಅಂದರು. ಕೊಟ್ಟರು! ಪ್ರವಾಸಕ್ಕೆ ಸಾಲ ಉಂಟು, ವ್ಯಾಪಾರಕ್ಕೆ ಇಲ್ಲ. ಆ ಕಂಪನಿ 1971ರಲ್ಲಿ ಅಮೆರಿಕನ್ ಸ್ಟಾಕ್ ಎಕ್ಸ್‌ಚೇಂಜ್‌ಗೆ ಬಂತು. ಕಪ್ಪು ಜನರ ಒಡೆತನದ ಕಂಪನಿ ಅಲ್ಲಿಗೆ ಬಂದದ್ದು ಅದೇ ಮೊದಲು.

ಅವಕಾಶದ ಮಾತೂ ಈ ಕೂದಲಿನಲ್ಲೇ ಇದೆ. ದೊಡ್ಡ ಕಂಪನಿಗಳು ಯಾರನ್ನು ಗಿರಾಕಿ ಅಂತಲೇ ಎಣಿಸಲಿಲ್ಲವೋ ಅವರಿಗೆ ಬೇಕಾದ್ದನ್ನು ಮಾಡಿ ಮಾರುವುದು. ಕಪ್ಪು ಹೆಂಗಸರ ಕೂದಲಿನ ಆರೈಕೆಯ ಸಾಮಾನು ಮಾರಿದ ಕಪ್ಪು ಉದ್ಯಮಿ ಮೇಡಮ್ ಸಿ. ಜೆ. ವಾಕರ್ ನೂರು ವರ್ಷದ ಹಿಂದೆ ಮಾಡಿದ್ದು ಅದನ್ನೇ. ಊರೂರಿನ ಹೆಂಗಸರನ್ನೇ ಏಜೆಂಟರನ್ನಾಗಿ ಮಾಡಿಕೊಂಡು ಮನೆಮನೆಗೆ ಮಾರಿಸಿದರು. ಈ ವ್ಯಾಪಾರದ ಒಂದು ಎಳೆ ನಮ್ಮ ಕಡೆಗೂ ಬರುತ್ತದೆ. ತಿರುಪತಿಯಲ್ಲಿ ನಮ್ಮವರು ಹರಕೆಗೆ ಕೊಡುವ ಮುಡಿ ಹರಾಜಾಗಿ, ವಿಗ್ ಮತ್ತು ಜೋಡಣೆ ಕೂದಲಾಗಿ ಇಲ್ಲಿನ ಅಂಗಡಿಗಳಿಗೂ ಬರುತ್ತದೆ. ಕೊಳ್ಳುವವರು ಬಹುತೇಕ ಕಪ್ಪು ಹೆಂಗಸರು. ಆದರೆ ಅಂಗಡಿಗಳು ಹೆಚ್ಚಾಗಿ ಕೊರಿಯಾದಿಂದ ಬಂದವರದ್ದು. 1960ರ ದಶಕದಲ್ಲಿ ಕೊರಿಯಾ ವಿಗ್ ರಫ್ತು ಶುರು ಮಾಡಿದಾಗ ಅವರು ಈ ಧಂಧೆಗೆ ಇಳಿದರು. ಸರಕು ತರಿಸುವ ದಾರಿ ಅವರ ಕೈಲಿತ್ತು. ಮೊದಲ ದುಡ್ಡಿಗೆ ತಮ್ಮತಮ್ಮಲ್ಲೇ "ಕ್ಯೇ" ಹಾಕುತ್ತಿದ್ದರು. ಥೇಟ್ ನಮ್ಮ ಚೀಟಿ ವ್ಯವಹಾರ. ಚೀಟಿ ಹಾಕೋಕೂ ಕೈಯಲ್ಲಿ ಒಂದಿಷ್ಟು ಮಿಗುವ ಜನ ಹತ್ತಿಪ್ಪತ್ತು ಮಂದಿ ಬೇಕಲ್ಲ.

ಇನ್ನೊಂದು ದೊಡ್ಡ ದಾರಿ ಸರ್ಕಾರಿ ಕಾಂಟ್ರಾಕ್ಟ್. ಅದನ್ನು ಅಟ್ಲಾಂಟಾದಷ್ಟು ಚೆನ್ನಾಗಿ ಬಳಸಿದ ಊರು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. 1974ರಲ್ಲಿ ಅಧಿಕಾರಕ್ಕೆ ಬಂದ ಮೊದಲ ಕಪ್ಪು ಮೇಯರ್ ಮೇನಾರ್ಡ್ ಜಾಕ್ಸನ್, ಹೊಸ ಏರ್‌ಪೋರ್ಟ್ ಕೆಲಸದಲ್ಲಿ ಶೇ. 25ರಷ್ಟು ಪಾಲು ಅಲ್ಪಸಂಖ್ಯಾತರ ಕಂಪನಿಗಳಿಗೆ ಸಿಗಲೇಬೇಕು ಅಂತ ಹಟ ಹಿಡಿದರು. ದೊಡ್ಡ ಉದ್ಯಮಿಗಳು ಕೆಂಡವಾದರು. ಜಾಕ್ಸನ್ ಬಗ್ಗಲಿಲ್ಲ. 1980ರಲ್ಲಿ ಟರ್ಮಿನಲ್ ತೆರೆಯಿತು. ಹರ್ಮನ್ ರಸೆಲ್ ಅವರ ಕಟ್ಟಡ ಕಂಪನಿ ದೊಡ್ಡದಾಗಿ ಬೆಳೆದದ್ದು ಇಂಥ ಕೆಲಸಗಳಿಂದ. ಅವರು ಹದಿನಾರನೇ ವಯಸ್ಸಿಗೇ 125 ಡಾಲರ್‌ಗೆ ಒಂದು ಜಾಗ ಕೊಂಡು, ಮನೆ ಕಟ್ಟಿ ಬಾಡಿಗೆಗೆ ಬಿಟ್ಟ ಮನುಷ್ಯ. ಮೊದಲ ದುಡ್ಡನ್ನು ಹಾಗೆ ಹುಟ್ಟಿಸಿಕೊಂಡರು. ಎಲ್ಲರೂ ಹರ್ಮನ್ ರಸೆಲ್ ಆಗೋಕಾಗುತ್ತಾ?

ಕಾಂಟ್ರಾಕ್ಟ್ ಸಿಕ್ಕಿದರೂ ಕಷ್ಟ ಮುಗಿಯುವುದಿಲ್ಲ. ಇದು ಹೊರಗಿನವರಿಗೆ ಕಾಣುವುದಿಲ್ಲ. ಕ್ಲೀನಿಂಗ್ ಕಂಪನಿ ನಡೆಸುವ ಒಬ್ಬ ಹೆಣ್ಣುಮಗಳು ನನ್ನ ಗಿರಾಕಿ. ದೊಡ್ಡ ಕಟ್ಟಡವೊಂದರ ಕೆಲಸ ಸಿಕ್ಕಿತು. ಕೆಲಸದವರಿಗೆ ಸಂಬಳ ಎರಡು ವಾರಕ್ಕೊಮ್ಮೆ ಕೊಡಬೇಕು. ಬಿಲ್ ಪಾಸಾಗಿ ದುಡ್ಡು ಬರುವುದು ಎರಡು ತಿಂಗಳಿಗೆ, ಕೆಲವೊಮ್ಮೆ ಮೂರು. ನಡುವೆ ಏನು ಮಾಡಬೇಕು? ಬಿಲ್ಲುಗಳನ್ನೇ ಕಡಿಮೆ ಬೆಲೆಗೆ ಫೈನಾನ್ಸ್‌ನವರಿಗೆ ಮಾರಿ ನಗದು ತಗೊಂಡರು. ವರ್ಷದ ಕೊನೆಗೆ ಲೆಕ್ಕ ಹಾಕಿದರೆ ಲಾಭದ ದೊಡ್ಡ ಪಾಲು ಅವರಿಗೇ ಹೋಗಿತ್ತು. ಕಟ್ಟಡ ಕೆಲಸದವರಿಗಾದರೆ ಇನ್ನೂ ಕಷ್ಟ. ಕೆಲಸ ಮುಗಿಸುತ್ತೇವೆ ಅನ್ನುವುದಕ್ಕೆ ಜಾಮೀನು ಬಾಂಡ್ ಬೇಕು. ಬಾಂಡ್ ಕೊಡುವವರು ಮೊದಲು ನೋಡುವುದು ಆಸ್ತಿ. ಮತ್ತೆ ಅಲ್ಲಿಗೇ ಬಂತು ನೋಡಿ.

2020ರ ಕೋವಿಡ್ ಸಾಲದಲ್ಲೂ ಇದೇ ಆಯಿತು. ಸರ್ಕಾರ ದುಡ್ಡು ಹಂಚಿದ್ದು ಬ್ಯಾಂಕುಗಳ ಮೂಲಕ. ಎಷ್ಟೋ ಬ್ಯಾಂಕುಗಳು ಮೊದಲು ತಮ್ಮ ಹಳೆಯ ಗಿರಾಕಿಗಳಿಗೇ ಕೊಟ್ಟವು. ಆ ವರ್ಷ ಫೆಬ್ರವರಿಯಿಂದ ಏಪ್ರಿಲ್ ಒಳಗೆ ವ್ಯಾಪಾರ ನಡೆಸುತ್ತಿದ್ದ ಕಪ್ಪು ಮಾಲೀಕರ ಸಂಖ್ಯೆ ಶೇ. 41ರಷ್ಟು ಕುಸಿಯಿತು.

ಈಗಿನ ಪರಿಸ್ಥಿತಿಗೆ ಬರುತ್ತೇನೆ. ಅಟ್ಲಾಂಟಾದಲ್ಲೇ ಫಿಯರ್‌ಲೆಸ್ ಫಂಡ್ ಅಂತ ಒಂದು ಸಂಸ್ಥೆ, ಕಪ್ಪು ಮಹಿಳೆಯರ ವ್ಯಾಪಾರಕ್ಕೆ 20,000 ಡಾಲರ್ ಅನುದಾನ ಕೊಡುತ್ತಿತ್ತು. ಕಪ್ಪು ಮಹಿಳೆಯರಿಗೆ ಮಾತ್ರ ಕೊಡುವುದು ತಾರತಮ್ಯ ಅಂತ 2023ರಲ್ಲಿ ಅದರ ಮೇಲೆ ಕೇಸು ಬಿತ್ತು. ಬಳಸಿದ ಕಾನೂನು ಯಾವುದು ಗೊತ್ತಾ? 1866ರದ್ದು. ಬಿಡುಗಡೆಯಾದ ಗುಲಾಮರಿಗೂ ಬಿಳಿಯರಂತೆ ಒಪ್ಪಂದ ಮಾಡಿಕೊಳ್ಳುವ ಹಕ್ಕು ಇರಲಿ ಅಂತ ಬಂದ ಕಾನೂನು. 2024ರಲ್ಲಿ ಮೇಲ್ಮನವಿ ಕೋರ್ಟು ಅನುದಾನಕ್ಕೆ ತಡೆ ಹಾಕಿತು, ಆಮೇಲೆ ರಾಜಿಯಾಗಿ ಆ ಯೋಜನೆಯೇ ನಿಂತಿತು. ಕೇಂದ್ರದ ಕಾಂಟ್ರಾಕ್ಟ್ ಯೋಜನೆಯಲ್ಲೂ 2023ರ ಒಂದು ತೀರ್ಪಿನ ನಂತರ, ಜನಾಂಗ ನೋಡಿಯೇ ಹಿಂದುಳಿದವರು ಅಂತ ಒಪ್ಪುವುದು ನಿಂತಿತು. ತನಗೇನು ಅನ್ಯಾಯವಾಯಿತು ಅಂತ ಒಬ್ಬೊಬ್ಬರೂ ಬರೆದು ತೋರಿಸಬೇಕಾಯಿತು. ನನ್ನ ಮೇಜಿನ ಮೇಲೂ ಅಂಥ ಬರಹಗಳು ಬಂದವು, ಹಳೆಯ ಕಾಗದಪತ್ರ ಹುಡುಕುವುದೇ ದೊಡ್ಡ ಕೆಲಸವಾಯಿತು.

ಹಾಗಾದರೆ ಅವಕಾಶ ಎಲ್ಲಿದೆ? ನನ್ನ ಗಿರಾಕಿಗಳಿಗೆ ನಾನು ದೊಡ್ಡ ಬ್ಯಾಂಕಿಗಿಂತ ಮೊದಲು ಸಮುದಾಯ ಸಾಲ ಸಂಸ್ಥೆಗಳ ಬಾಗಿಲು ತಟ್ಟಿ ಅನ್ನುತ್ತೇನೆ. ಆಸ್ತಿಗಿಂತ ವ್ಯಾಪಾರದ ಲೆಕ್ಕವನ್ನೇ ಜಾಸ್ತಿ ನೋಡುತ್ತಾರೆ, ಪುಸ್ತಕ ಬರೆಯೋಕೂ ಕಲಿಸುತ್ತಾರೆ. 1921ರಿಂದ ಇರುವ ಸಿಟಿಜನ್ಸ್ ಟ್ರಸ್ಟ್‌ನಂಥ ಕಪ್ಪು ಜನರದ್ದೇ ಬ್ಯಾಂಕೂ ಈ ಊರಲ್ಲಿದೆ. ಮನೆಯ ಖಾತೆ, ಅಂಗಡಿಯ ಖಾತೆ ಮೊದಲ ದಿನದಿಂದಲೇ ಬೇರೆ ಇಡಿ ಅನ್ನುತ್ತೇನೆ. ಯಾವುದೇ ಬ್ಯಾಂಕು ಸಾಲ ಇಲ್ಲ ಅಂದರೆ ಕಾರಣ ಬರಹದಲ್ಲಿ ಕೇಳಿ ಪಡೆಯಿರಿ, ಆ ಹಕ್ಕು ಕಾನೂನಿನಲ್ಲೇ ಇದೆ, ಆ ಕಾಗದವನ್ನು ಎಸೆಯಬೇಡಿ ಅಂತಲೂ ಹೇಳುತ್ತೇನೆ.