ಆಪರೇಷನ್ ಆದಮ್ಯಾಲೆ ಎದ್ದ ಕೂಡ್ಲೆ ಚಕ್ಕರ್ ಬರ್ತಿದ್ರ

ಅಕ್ಕಾರ, ತೂಕ ಇಳಿಸೋ ಆಪರೇಷನ್ ಆಗಿ ಮೂರು ವಾರಾತು, ಎದ್ದು ನಿಂತ್ರ ಕಣ್ಣಿಗೆ ಕತ್ತಲಿ ಬರ್ತೈತಿ, ಬಿಪಿ ಗುಳಿಗಿ ಮೊದಲಿನಂಗ ನಡದೈತಿ ಅಂದೀರಿ. ನನಗ ಆ ಗುಳಿಗೀದ ಚಿಂತಿ. ತೂಕ ಇಳದಂಗ ಬಿಪಿನೂ ಇಳೀತೈತಿ, ಹಳೇ ಡೋಸ್ ಹೆಚ್ಚಾಗಬಹುದು. ನೀವಾಗೇ ಬಿಡಬ್ಯಾಡ್ರಿ. ಕುಂತು ಒಮ್ಮೆ, ನಿಂತು ಒಮ್ಮೆ ಬಿಪಿ ನೋಡಿಸಿ ಇವತ್ತ ಸರ್ಜನ್ನರಿಗೆ ಫೋನ್ ಮಾಡ್ರಿ. ಶುಗರ್ ಗುಳಿಗಿ ಇದ್ರ ಅದನ್ನೂ ಹೇಳ್ರಿ.

ಗದಗಿನ ಬಿಸಲಾಗ ನೀರು ಕಡಿಮಿ ಆದ್ರೂ ಹಿಂಗ ಆಗ್ತೈತಿ. ಸಣ್ಣಾದ ಹೊಟ್ಟಿ ಒಮ್ಮೆಲೆ ತಂಬಿಗಿ ನೀರು ಹಿಡಿಯೂದಿಲ್ಲ, ದಿನಕ್ಕ 1.5 ಲೀಟರ್ ಆಗೂವಂಗ ಗುಟುಕು ಗುಟುಕು ಕುಡೀರಿ. ತಿಳಿ ಮಜ್ಜಿಗಿ ಛಲೋ, ಕಬ್ಬಿನ ಹಾಲು ಬ್ಯಾಡ. ಏಳೂ ಮುಂದ ಕಾಲು ಇಳಿಬಿಟ್ಟು ಸ್ವಲ್ಪ ಕುಂತು ಏಳ್ರಿ.

ಮಲ ಕರ್ರಗ ಆದ್ರ, ವಾಂತಿ ನಿಲ್ಲದಿದ್ರ, ಎಚ್ಚರ ತಪ್ಪಿದ್ರ ಫೋನ್ ಮಾಡಕೋಂತ ಕೂಡಬ್ಯಾಡ್ರಿ, ನಡುರಾತ್ರಿ ಆದ್ರೂ ಸೀದಾ ದವಾಖಾನಿಗೆ ಹೋಗ್ರಿ.