ಫೈನ್ ಸಾಕಾ, ಅಲ್ಟ್ರಾ ಫೈನ್ ಬೇಕಾ? ಸೆರಾಮಿಕ್ ಸಾಣೆಕಲ್ಲಿನ ನಂಬರ್ ಗೊಂದಲ

ಪ್ರಶ್ನೆ: ನಮಸ್ಕಾರ ಸಾರ್. ನನ್ನ ಹತ್ರ ಸ್ಪೈಡರ್ಕೋ ಕಂಪನಿಯ ಶಾರ್ಪ್‌ಮೇಕರ್ (ಓರೆಯಾಗಿ ನಿಲ್ಲಿಸಿದ ಸೆರಾಮಿಕ್ ಕಡ್ಡಿಗಳ ಮೇಲೆ ಚಾಕು ಮಸೆಯೋ ಸಾಧನ) ಇದೆ, ಅದರ ಜೊತೆ ಕಂದು ಬಣ್ಣದ ಮೀಡಿಯಮ್ ಕಡ್ಡಿ, ಬಿಳಿ ಫೈನ್ ಕಡ್ಡಿ ಬಂದಿವೆ. ಈಗ ಅಲ್ಟ್ರಾ ಫೈನ್ ಬೇರೆ ತಗೊಳ್ಳೋಣ ಅಂತಿದೀನಿ, ಆದ್ರೆ ಸ್ನೇಹಿತರೊಬ್ಬರು ಅದು ಬೇಡ ಶಾಪ್ಟನ್ ಕಂಪನಿಯ 8000 ನಂಬರ್ ಕಲ್ಲು ತಗೋ ಅಂತಾರೆ. ಫೈನ್ ಅಂದ್ರೆ ಎಷ್ಟು ಗ್ರಿಟ್ (ಕಲ್ಲು ಎಷ್ಟು ನಯ ಅಂತ ಹೇಳೋ ನಂಬರ್), ಅಲ್ಟ್ರಾ ಫೈನ್ ಅಂದ್ರೆ ಎಷ್ಟು? ಒಂದೊಂದು ಕಡೆ ಒಂದೊಂದು ನಂಬರ್ ಹೇಳ್ತಾರೆ. ಫೈನ್‌ನಲ್ಲಿ ಮಸೆದ ಮೇಲೂ ಚಾಕು ಟೊಮೇಟೊ ಸಿಪ್ಪೆ ಮೇಲೆ ಜಾರತ್ತೆ, ಅಲ್ಟ್ರಾ ಫೈನ್ ಬಂದ್ರೆ ಸರಿಹೋಗತ್ತಾ?

ಉತ್ತರ: ಸರಿಹೋಗಲ್ಲ. ಮೊದಲು ಇದನ್ನೇ ಹೇಳಿಬಿಡ್ತೀನಿ, ಯಾಕಂದ್ರೆ ನೀವು ದುಡ್ಡು ಹಾಕೋಕೆ ಮುಂಚೆ ಗೊತ್ತಾಗ್ಬೇಕು. ಫೈನ್ ಆದ್ಮೇಲೂ ಚಾಕು ಸಿಪ್ಪೆ ಮೇಲೆ ಜಾರ್ತಿದೆ ಅಂದ್ರೆ ಕೆಲಸ ಕೆಟ್ಟಿರೋದು ಫೈನ್‌ನಲ್ಲಲ್ಲ, ಅದರ ಹಿಂದಿನ ಕಲ್ಲಲ್ಲಿ. ಒಂದೋ ಮೀಡಿಯಮ್‌ನಲ್ಲಿ ಎರಡೂ ಪಕ್ಕ ಸವೆದು ಬಾಯಿ ತುದೀಲಿ ಕೂಡಿಕೊಂಡೇ ಇಲ್ಲ, ಇಲ್ಲಾ ಕೂಡಿಕೊಂಡಿದೆ ಆದ್ರೆ ಬರ್ ಹೋಗಿಲ್ಲ. ಬರ್ ಅಂದ್ರೆ ಮಸೆದಾಗ ಬಾಯಿ ತುದೀಲಿ ಒಂದು ಕಡೆಗೆ ಮಡಚಿಕೊಳ್ಳೋ ಕೂದಲಿನಷ್ಟು ಸಣ್ಣ ಲೋಹದ ಏಣು. ಅದು ಇದ್ದಾಗ ಪೇಪರ್ ಒಂದೆರಡು ಸಲ ಚೆನ್ನಾಗೇ ಕುಯ್ಯತ್ತೆ, ಹಲಗೆ ಮೇಲೆ ನಾಲ್ಕು ಸಲ ತಾಗಿಸಿದ್ರೆ ಮುಗೀತು, ಮತ್ತೆ ಮೊಂಡು.

ನೋಡೋದು ಹೇಗೆ ಅಂದ್ರೆ, ಚಾಕುನ ಬಾಯಿ ಮೇಲೆ ಮಾಡಿ ದೀಪದ ಕೆಳಗೆ ಹಿಡ್ಕೊಂಡು ನಿಧಾನಕ್ಕೆ ಓಲಾಡಿಸಿ. ಎಲ್ಲಿ ಬಿಳೀ ಗೆರೆ ಮಿಂಚತ್ತೋ ಅಲ್ಲಿ ಬಾಯಿ ಇನ್ನೂ ಚಪ್ಪಟೆ, ಹರಿತ ಆಗಿರೋ ಕಡೆ ಬೆಳಕು ತಿರುಗಿ ಬರೋಕೆ ಜಾಗಾನೇ ಇರಲ್ಲ. ಆಮೇಲೆ ಬೆರಳ ತುದೀನ ಬೆನ್ನಿನ ಕಡೆಯಿಂದ ಬಾಯಿ ಕಡೆಗೆ ಹೊರಮುಖವಾಗಿ ಜಾರಿಸಿ, ಉದ್ದಕ್ಕೆ ಮಾತ್ರ ಎಳೀಬೇಡಿ ಕುಯ್ದುಕೊಳ್ತೀರಿ. ಒಂದು ಪಕ್ಕ ನುಣುಪು, ಇನ್ನೊಂದು ಪಕ್ಕ ಬೆರಳಿಗೆ ತೊಡರಿದ ಹಾಗಾದ್ರೆ ಅದೇ ಬರ್.

ಇನ್ನೊಂದು ಮುಖ್ಯ ವಿಷಯ ಆಂಗಲ್. ಶಾರ್ಪ್‌ಮೇಕರ್‌ನಲ್ಲಿ ಇರೋದು ಎರಡೇ, ಎರಡೂ ಪಕ್ಕ ಸೇರಿ 30 ಡಿಗ್ರಿ ಮತ್ತೆ 40 ಡಿಗ್ರಿ, ಅಂದ್ರೆ ಪಕ್ಕಕ್ಕೆ 15 ಇಲ್ಲಾ 20. ನಿಮ್ಮ ಚಾಕು ಫ್ಯಾಕ್ಟರೀಲೇ ಪಕ್ಕಕ್ಕೆ 25 ಡಿಗ್ರಿ ಇಟ್ಟು ಬಂದಿದ್ರೆ ಕಡ್ಡಿ ತಾಗೋದು ಭುಜಕ್ಕೆ, ಅಂದ್ರೆ ಬಾಯಿ ಇಳಿಜಾರಿನ ಮೇಲಿನ ಅಂಚಿಗೆ ಮಾತ್ರ, ತುದಿಗೆ ತಾಗೋದೇ ಇಲ್ಲ, ನೀವು ಎಷ್ಟು ನಯವಾದ ಕಲ್ಲು ತಂದ್ರೂ ಭುಜ ಮಿರಮಿರ ಮಿಂಚತ್ತೆ ಬಾಯಿ ಮಾತ್ರ ಹಾಗೇ ಇರತ್ತೆ. ಬಾಯಿ ಪಕ್ಕದ ಇಳಿಜಾರಿಗೆ ಮಾರ್ಕರ್ ಪೆನ್ನಿಂದ ಮಸಿ ಬಳಿದು ಕಡ್ಡಿ ಮೇಲೆ ಎರಡು ಸಲ ಎಳೀರಿ. ತುದೀಲಿ ಮಸಿ ಉಳೀತಾ? ಹಾಗಾದ್ರೆ ತಾಗ್ತಿಲ್ಲ. ಇನ್ನೂ ಒರಟು ಕಲ್ಲಲ್ಲಿ, ಡೈಮಂಡ್ ಆದ್ರೆ ಒಳ್ಳೇದು, ಆಂಗಲ್ ತಗ್ಗಿಸಿಕೊಂಡು ಆಮೇಲೆ ಮೀಡಿಯಮ್‌ಗೆ ಬನ್ನಿ.

ಈಗ ನಂಬರ್ ವಿಷಯ. ಸ್ಪೈಡರ್ಕೋದವರು ಈ ಕಡ್ಡಿಗಳಿಗೆ ಗ್ರಿಟ್ ನಂಬರ್ ಕೊಡಲ್ಲ, ಕೊಡದೇ ಇರೋಕೆ ಕಾರಣಾನೂ ಇದೆ. ಇದು ಅಲ್ಯೂಮಿನಾ ಪುಡೀನ ಒತ್ತಿ ಭಾರೀ ಶಾಖದಲ್ಲಿ ಸುಟ್ಟು ಒಂದೇ ಗಟ್ಟಿ ತುಂಡು ಮಾಡಿರೋ ಕಲ್ಲು. ಮೀಡಿಯಮ್‌ಗೂ ಫೈನ್‌ಗೂ ಹಾಕೋ ಕಣದ ಗಾತ್ರ ಒಂದೇ, 15ರಿಂದ 25 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಅಂತ ಕಂಪನಿಯವರೇ ಹೇಳಿದಾರೆ. ವ್ಯತ್ಯಾಸ ಬರೋದು ಜೊತೆಗೆ ಸೇರಿಸೋ ಪದಾರ್ಥದಿಂದ, ಸುಡೋ ರೀತಿಯಿಂದ, ಕೊನೇಲಿ ಮೇಲ್ಮೈನ ಡೈಮಂಡ್‌ನಿಂದ ಉಜ್ಜೋದ್ರಿಂದ. ಅಲ್ಟ್ರಾ ಫೈನ್ ಅಂದ್ರೆ ಇನ್ನೂ ನಯವಾಗಿ ಉಜ್ಜಿರೋ ಮೇಲ್ಮೈ. ಹಾಗಾಗಿ ಯಾರಾದ್ರೂ ಫೈನ್ ಇಷ್ಟು ಸಾವಿರ, ಅಲ್ಟ್ರಾ ಫೈನ್ ಇಷ್ಟು ಸಾವಿರ ಅಂದ್ರೆ ಅದು ಮಸೆದ ಬಾಯಿಯ ಗೀರು ನೋಡಿ ಹಾಕಿದ ಅಂದಾಜು, ಒಬ್ಬೊಬ್ಬರದು ಒಂದೊಂದು ಆಗಿರೋದು ಅದಕ್ಕೇ.

ಶಾಪ್ಟನ್ ಕಥೆ ಬೇರೆ. ಅದನ್ನೂ ಸೆರಾಮಿಕ್ ಕಲ್ಲು ಅಂತಲೇ ಮಾರ್ತಾರೆ, ಆದ್ರೆ ಅಲ್ಲಿ ಕಣಗಳನ್ನ ಒಂದು ಅಂಟು ಹಿಡ್ಕೊಂಡಿರತ್ತೆ, ಮಸೆದ ಹಾಗೆ ಮೇಲಿನ ಕಣ ಉದುರಿ ಹೊಸದು ಬರತ್ತೆ, ಕಲ್ಲು ಸವೆಯತ್ತೆ, ಆಗಾಗ ಸಮತಟ್ಟು ಮಾಡ್ಬೇಕು. ಅಲ್ಲಿ ನಂಬರ್‌ಗೆ ಅರ್ಥ ಇದೆ. ಗ್ಲಾಸ್ ಸ್ಟೋನ್ ಸೀರೀಸ್‌ನಲ್ಲಿ 1000 ಅಂದ್ರೆ 14.7 ಮೈಕ್ರಾನ್, 2000 ಅಂದ್ರೆ 7.35, 4000 ಅಂದ್ರೆ 3.68, 8000 ಅಂದ್ರೆ 1.84, 16000 ಅಂದ್ರೆ 0.92. ಇದೇ 2000 ಅನ್ನೋ ನಂಬರ್ ಪಿ ಅಕ್ಷರ ಇರೋ ಮರಳು ಕಾಗದದ ಮೇಲಿದ್ರೆ ಅದು ಸುಮಾರು 10 ಮೈಕ್ರಾನ್. ಅಳತೆ ಪದ್ಧತೀನೇ ಬೇರೆ ಬೇರೆ. ಅದಕ್ಕೇ ಎರಡು ಕಲ್ಲು ಹೋಲಿಸೋವಾಗ ನಂಬರ್ ಬಿಟ್ಟು ಮೈಕ್ರಾನ್ ಕೇಳಿ, ಇಂಥ ಸುಟ್ಟ ಕಡ್ಡಿಗಳ ವಿಷಯದಲ್ಲಂತೂ ಮೈಕ್ರಾನ್ ಕೂಡ ಬಿಟ್ಟು ಬಾಯಿ ಮೇಲೆ ಬಿದ್ದಿರೋ ಗೀರನ್ನ ಲೂಪ್ (ಸಣ್ಣ ಭೂತಗನ್ನಡಿ) ಹಿಡಿದು ನೋಡಿ.

ಹಿಡಿದು ನೋಡಿದ್ರೆ ಇನ್ನೊಂದೂ ಕಾಣತ್ತೆ. ಕಡ್ಡಿ ಮೂರು ಮೂಲೇದು ಅಲ್ವಾ, ಮೂಲೇಲಿ ಎಳೆದ್ರೆ ಚಾಕು ತಾಗೋ ಜಾಗ ತೀರಾ ಕಿರಿದು, ನೀವು ಹಾಕೋ ಅಷ್ಟೇ ಭಾರ ಅಲ್ಲಿ ಒತ್ತಾಗಿ ಬೀಳತ್ತೆ, ಗೀರು ಆಳ ಆಗತ್ತೆ. ಅಗಲ ಮುಖದಲ್ಲಿ ಎಳೆದ್ರೆ ಅದೇ ಕಡ್ಡಿ ಎಷ್ಟೋ ನಯ. ಅಂದ್ರೆ ನಿಮ್ಮ ಹತ್ರ ಇರೋ ಫೈನ್ ಒಂದರಲ್ಲೇ ಎರಡು ಹಂತ ಇದೆ, ಮೊದಲು ಮೂಲೆ ಆಮೇಲೆ ಮುಖ. ಮುಖದಲ್ಲಿ ಕೊನೇ ಹತ್ತಿಪ್ಪತ್ತು ಎಳೆತ ಚಾಕುನ ಸ್ವಂತ ಭಾರ ಮಾತ್ರ ಇರೋ ಹಾಗೆ, ಒಂದು ಸಲ ಎಡ ಒಂದು ಸಲ ಬಲ ಅಂತ ಎಳೀರಿ. ಬರ್ ಹಟ ಮಾಡಿದ್ರೆ ಆಂಗಲ್ ಒಂಚೂರು ಎತ್ತಿ ಎರಡೇ ಎರಡು ಹಗುರ ಎಳೆತ, ಮತ್ತೆ ಹಳೇ ಆಂಗಲ್‌ಗೆ ಬನ್ನಿ. ಇದಿಷ್ಟು ಸರಿಯಾಗಿ ಆದ್ರೆ ಸಿಪ್ಪೆ ಜಾರೋ ಮಾತೇ ಇರಲ್ಲ.

ಹಾಗಾದ್ರೆ ಅಲ್ಟ್ರಾ ಫೈನ್ ಯಾರಿಗೆ? ಎಳೆದು ಕುಯ್ಯೋ ಕೆಲಸಕ್ಕೆ, ಅಂದ್ರೆ ತರಕಾರಿ ಸಿಪ್ಪೆ, ಹಗ್ಗ, ರಟ್ಟು ಇಂಥದ್ದಕ್ಕೆ, ಬಾಯಲ್ಲಿ ಸಣ್ಣ ಹಲ್ಲಿನ ಹಾಗೆ ಒರಟು ಇರ್ಲೇಬೇಕು, ಅದನ್ನ ಪೂರ್ತಿ ನುಣ್ಣಗೆ ಮಾಡಿದ್ರೆ ಕೂದಲು ಬೋಳಿಸತ್ತೆ ಆದ್ರೆ ಸಿಪ್ಪೆ ಮೇಲೆ ಇನ್ನೂ ಜಾಸ್ತಿ ಜಾರತ್ತೆ. ಒತ್ತಿ ಕುಯ್ಯೋ ಕೆಲಸಕ್ಕೆ, ಮರ ಕೆತ್ತೋಕೆ, ಕ್ಷೌರದ ಕತ್ತಿಗೆ ಅಲ್ಟ್ರಾ ಫೈನ್ ನಿಜಕ್ಕೂ ಬೇಕು. ಸ್ಟೀಲೂ ಗಟ್ಟಿ ಇರ್ಬೇಕು, 60 ಎಚ್‌ಆರ್‌ಸಿ (ಸ್ಟೀಲಿನ ಗಟ್ಟಿತನದ ಅಳತೆ) ಆಸುಪಾಸು ಇದ್ರೆ ನಯವಾದ ಬಾಯಿ ನಿಲ್ಲತ್ತೆ, 55ರ ಮೆತ್ತನೆ ಸ್ಟೇನ್‌ಲೆಸ್‌ನಲ್ಲಿ ಆ ನಯ ಬೇಗ ಹೋಗತ್ತೆ. ನಿಮಗೆ ನನ್ನ ಸಲಹೆ, ಈಗ ಎರಡೂ ಬೇಡ. ದುಡ್ಡು ಹಾಕ್ಲೇಬೇಕು ಅಂದ್ರೆ ಒಂದು ಒರಟು ಡೈಮಂಡ್ ಕಡ್ಡಿ ಜೋಡಿ, ಜೊತೆಗೆ ಒಂದು ಚರ್ಮದ ಪಟ್ಟಿಗೆ 1 ಮೈಕ್ರಾನ್ ಡೈಮಂಡ್ ಪೇಸ್ಟ್. ಸ್ನೇಹಿತರು ಹೇಳಿದ ಶಾಪ್ಟನ್ 8000 ಒಳ್ಳೇ ಕಲ್ಲೇ, ಆದ್ರೆ ಅದು ಕೈಯಲ್ಲೇ ಆಂಗಲ್ ಹಿಡಿಯೋರಿಗೆ, ಅದರ ಕೆಳಗೆ 1000, 4000 ಇದ್ದೋರಿಗೆ. ಅದೊಂದನ್ನೇ ತಂದು ಏನೂ ಮಾಡೋಕಾಗಲ್ಲ.

ಪ್ರಶ್ನೆ: ಬಿಳಿ ಸೆರಾಮಿಕ್ ಕಲ್ಲು ಪೂರ್ತಿ ಕಪ್ಪಾಗಿದೆ, ಮೊದಲಿನ ಹಾಗೆ ಹಿಡಿಯಲ್ಲ, ಜಾರತ್ತೆ. ಸವೆದು ಹೋಯ್ತಾ? ನೀರು ಹಾಕ್ಬೇಕಾ?

ಉತ್ತರ: ಸವೆದಿಲ್ಲ, ಈ ಕಲ್ಲು ಮನೇಲಿ ಮಸೆದು ಸವೆಯೋ ಅಂಥದ್ದೇ ಅಲ್ಲ. ಕಪ್ಪು ಗೆರೆ ಅಂದ್ರೆ ಚಾಕುನ ಸ್ಟೀಲು, ಕಲ್ಲಿನ ಸಣ್ಣ ಸಣ್ಣ ಸಂದಿಗಳಲ್ಲಿ ತುಂಬಿಕೊಂಡಿದೆ, ಈಗ ನೀವು ಲೋಹದ ಮೇಲೆ ಲೋಹ ಉಜ್ತಿದೀರಿ. ಪಾತ್ರೆ ತೊಳೆಯೋ ಪೌಡರ್ ಸ್ವಲ್ಪ ನೀರಲ್ಲಿ ಕಲಸಿ ಒರಟು ಸ್ಪಂಜಿನಿಂದ ಉಜ್ಜಿ, ಬೆಳ್ಳಗಾಗೋವರೆಗೂ. ಚೆನ್ನಾಗಿ ತೊಳೆದು ಒಣಗಿಸಿ. ಇದು ಒಣಗಿರೋವಾಗಲೂ ಕೆಲಸ ಮಾಡತ್ತೆ, ಎರಡು ಹನಿ ಸೋಪು ನೀರು ಹಾಕಿದ್ರೆ ನಿಧಾನಕ್ಕೆ ತುಂಬಿಕೊಳ್ಳತ್ತೆ ಅಷ್ಟೇ ಲಾಭ, ಎಣ್ಣೆ ಬೇಡ. ಒಂದೇ ಎಚ್ಚರಿಕೆ, ಕೆಳಗೆ ಬೀಳಿಸ್ಬೇಡಿ, ಸುಟ್ಟ ಸೆರಾಮಿಕ್ ಬಿದ್ರೆ ಎರಡು ತುಂಡು.

ಪ್ರಶ್ನೆ: ಎಸ್90ವಿ ಸ್ಟೀಲ್ ಚಾಕುಗೆ ಫೈನ್ ಸೆರಾಮಿಕ್ ಸಾಕಾಗತ್ತಾ?

ಉತ್ತರ: ಕಷ್ಟ ಇದೆ. ಅದರಲ್ಲಿ ಶೇ. 9ರಷ್ಟು ವನೇಡಿಯಮ್ ಇದೆ, ಅದು ಕಾರ್ಬನ್ ಜೊತೆ ಸೇರಿ ಆಗೋ ವನೇಡಿಯಮ್ ಕಾರ್ಬೈಡ್ ಅಲ್ಯೂಮಿನಾಗಿಂತ ಗಟ್ಟಿ. ಕಲ್ಲು ಸುತ್ತಲಿನ ಸ್ಟೀಲನ್ನ ಉಜ್ಜತ್ತೆ, ಆ ಗಟ್ಟಿ ಕಣಗಳನ್ನ ಕುಯ್ಯೋಕಾಗಲ್ಲ. ಅವಾಗವಾಗ ಬಾಯಿ ತಿದ್ದೋಕೆ ಸೆರಾಮಿಕ್ ಆದೀತು, ಪೂರ್ತಿ ಮಸೆಯೋಕೆ ಡೈಮಂಡ್ ಇಲ್ಲಾ ಸಿಬಿಎನ್ (ಕ್ಯೂಬಿಕ್ ಬೋರಾನ್ ನೈಟ್ರೈಡ್) ಕಲ್ಲೇ ತಗೊಳ್ಳಿ.