ಟ್ಯೂನಾ ಡಬ್ಬಿ, ಖಡಕ್ ರೊಟ್ಟಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಗ ದುಬೈನಿಂದ ಟ್ಯೂನಾ ಡಬ್ಬಿ ತಂದಿದ್ದಾನೆ. ನಿಂಬೆ-ಕಾಳುಮೆಣಸಿನದು, ಖಾರದ್ದು, ಹೊಗೆ ಹಾಕಿದ್ದು ಹೀಗೆ ಬಗೆಬಗೆ. ಖಾರದ್ದನ್ನು ಹೊಳೆಮೀನಿನ ಹಾಗೆ ಹುಳಿಸಾರಿಗೆ ಹಾಕಿ 20 ನಿಮಿಷ ಕುದಿಸಿದೆ. ಮೀನು ಕಟ್ಟಿಗೆ ಹೊಟ್ಟಿನಂತಾಯಿತು, ಸಾರು ಬರೀ ಉಪ್ಪು. ಎಲ್ಲಿ ತಪ್ಪಿತು? (ಸಿಂಧನೂರು)

ಉತ್ತರ: ಕುದಿಸಿದ್ದೇ ತಪ್ಪು. ಡಬ್ಬಿಯ ಟ್ಯೂನಾ ನಿಮ್ಮ ಕೈಗೆ ಬರುವ ಮೊದಲೇ ಎರಡು ಸಲ ಬೆಂದಿರುತ್ತದೆ. ಸಾಮಾನ್ಯವಾಗಿ ಮೀನನ್ನು ಹಬೆಯಲ್ಲಿ ಬೇಯಿಸಿ, ಮುಳ್ಳು ತೆಗೆದು ತುಂಬುತ್ತಾರೆ; ಡಬ್ಬಿ ಮುಚ್ಚಿದ ಮೇಲೆ ಸುಮಾರು 115ರಿಂದ 121 ಡಿಗ್ರಿ ಶಾಖದಲ್ಲಿ ಮತ್ತೆ ಬೇಯಿಸುತ್ತಾರೆ. ತುಂಗಭದ್ರೆಯ ಹಸಿ ಕಟ್ಲಾದಲ್ಲಿ ಇರುವ ನೀರಿನಂಶ ಇದರಲ್ಲಿ ಉಳಿದಿರುವುದಿಲ್ಲ. ಮೂರನೇ ಸಲ ಕುದಿಸಿದರೆ ಎಳೆಎಳೆಯಾಗಿ ಒಣಗುತ್ತದೆ, ಮೀನಿನ ಉಪ್ಪು ಸಾರಿಗೆ ಇಳಿಯುತ್ತದೆ.

ಸಾರೇ ಬೇಕೆಂದರೆ ಉಪ್ಪು ಹಾಕದೆ ಪೂರ್ತಿ ಕುದಿಸಿ, ಒಲೆ ಆರಿಸಿ, ಮೀನು ಹಾಕಿ ಎರಡು ನಿಮಿಷ ಮುಚ್ಚಿಡಿ. ಉಪ್ಪಿನ ಮಾತು ಆಮೇಲೆ, ರುಚಿ ನೋಡಿ. ಖಾರದ ಡಬ್ಬಿಯ ಎಣ್ಣೆ ಚೆಲ್ಲಬೇಡಿ, ಸಣ್ಣ ಉರಿಯಲ್ಲಿ ಅದರಲ್ಲೇ ಉಳ್ಳಾಗಡ್ಡಿ ಬಾಡಿಸಿ. ಎಣ್ಣೆಯ ಜೊತೆ ನೀರೂ ಸೇರಿರುವುದರಿಂದ ಕಾದ ಬಾಣಲೆಗೆ ಸುರಿದರೆ ಸಿಡಿಯುತ್ತದೆ. ನಿಂಬೆಯ ಡಬ್ಬಿಯನ್ನು ಒಲೆಯ ಹತ್ತಿರವೇ ಒಯ್ಯಬೇಡಿ, ಬಿಸಿಗೆ ಅದರ ಪರಿಮಳ ಹೋಗುತ್ತದೆ. ಹೊಗೆಯದು ಹುಣಸೆಹುಳಿಗೆ ಒಗ್ಗುವುದಿಲ್ಲ. ಬಿಸಿ ಸೋನಾ ಮಸೂರಿ ಅನ್ನ, ಹಸಿ ಉಳ್ಳಾಗಡ್ಡಿ ಇದ್ದರೆ ಅದಕ್ಕೆ ಬೇರೇನೂ ಬೇಡ.

ಪ್ರಶ್ನೆ: ಜೋಳದ ರೊಟ್ಟಿಗೆ ಹೊಂದುವುದೇ? (ಗಂಗಾವತಿ)

ಉತ್ತರ: ಚೆನ್ನಾಗಿ ಹೊಂದುತ್ತದೆ. ಮಾಲ್ಡೀವ್ಸ್‌ನವರ ಬೆಳಗಿನ ತಿಂಡಿಯೇ ಇದು: ಟ್ಯೂನಾ, ಕಾಯಿತುರಿ, ಉಳ್ಳಾಗಡ್ಡಿ, ಮೆಣಸಿನಕಾಯಿ, ನಿಂಬೆರಸ ಕಲಸಿದ ‘ಮಸ್ ಹುನಿ’, ಜೊತೆಗೆ ‘ರೋಷಿ’ ಎಂಬ ತೆಳು ರೊಟ್ಟಿ. ನಮ್ಮ ಕಡೆಗೆ ಹೀಗೆ ಮಾಡಿ. ಒಂದು ಉಳ್ಳಾಗಡ್ಡಿ, ಎರಡು ಹಸಿಮೆಣಸಿನಕಾಯಿ ಸಣ್ಣಗೆ ಹೆಚ್ಚಿ, ಅರ್ಧ ನಿಂಬೆರಸ ಹಿಂಡಿ ಕೈಯಿಂದ ಹಿಸುಕಿ ಐದು ನಿಮಿಷ ಬಿಡಿ. ಉಳ್ಳಾಗಡ್ಡಿಯ ಘಾಟು ಇಳಿಯುತ್ತದೆ. 185 ಗ್ರಾಂ ಡಬ್ಬಿಯ ಮೀನನ್ನು ಜರಡಿಯಲ್ಲಿ ಒತ್ತಿ ಸೋಸಿ (ಸೋಸಿದ ಮೇಲೆ ಸುಮಾರು 130 ಗ್ರಾಂ ಉಳಿಯುತ್ತದೆ, ಲೇಬಲ್ಲಿನಲ್ಲಿ ಆ ಅಂಕಿಯನ್ನೇ ನೋಡಿ ಕೊಳ್ಳಿ), ಅರ್ಧ ಬಟ್ಟಲು ಕಾಯಿತುರಿ, ಎರಡು ಚಮಚ ತರಿತರಿ ಶೇಂಗಾಪುಡಿ, ಕೊತ್ತಂಬರಿ ಸೇರಿಸಿ. ಮೂವರಿಗೆ ಸಾಕು. ಶೇಂಗಾಪುಡಿ ಕೊನೆಗೇ ಬೀಳಬೇಕು, ಮೊದಲೇ ಹಾಕಿದರೆ ರಸ ಹೀರಿ ಮುದ್ದೆಯಾಗುತ್ತದೆ. ಬಿಸಿ ರೊಟ್ಟಿಗಿಂತ ಖಡಕ್ ರೊಟ್ಟಿ ಮೇಲು. ಸಜ್ಜೆಯದಾದರೆ ಇನ್ನೂ ಮೇಲು. ಪುಂಡಿಪಲ್ಯ ಪಕ್ಕದಲ್ಲಿದ್ದರೆ ನಿಂಬೆರಸ ಕಡಿಮೆ ಮಾಡಿ.

ಪ್ರಶ್ನೆ: ಮೀನಿನಲ್ಲಿ ಗಾಜಿನ ಚೂರಿನಂಥದ್ದು ಸಿಕ್ಕಿತು. ಡಬ್ಬಿ ಎಸೆಯಲೇ? (ಮಾನ್ವಿ)

ಉತ್ತರ: ಅದು ಸ್ಟ್ರುವೈಟ್ ಹರಳು ಇರಬಹುದು. ಮೀನಿನಲ್ಲೇ ಇರುವ ಮೆಗ್ನೀಸಿಯಂ, ಫಾಸ್ಫೇಟ್, ಅಮೋನಿಯಂ ಸೇರಿ ಡಬ್ಬಿಯೊಳಗೆ ಹರಳುಗಟ್ಟುತ್ತದೆ, ಅಪಾಯವಿಲ್ಲ. ಚೂರನ್ನು ಬಿಸಿ ವಿನೆಗರ್ ಅಥವಾ ನಿಂಬೆರಸದಲ್ಲಿ ಹಾಕಿ ನೋಡಿ. ಕರಗಿದರೆ ಹರಳು, ಕರಗದಿದ್ದರೆ ಗಾಜು. ಆಗ ಡಬ್ಬಿಯ ಸಮೇತ ಅಂಗಡಿಗೆ ಒಯ್ಯಿರಿ.

ಪ್ರಶ್ನೆ: ಬೇಸಿಗೆಯಲ್ಲಿ ದಿನವೂ ಕರೆಂಟು ಹೋಗುತ್ತದೆ. ಒಡೆದ ಡಬ್ಬಿ ಎಷ್ಟು ದಿನ ಇಡಬಹುದು? (ರಾಯಚೂರು)

ಉತ್ತರ: ಒಡೆಯದ ಡಬ್ಬಿಗೆ ಫ್ರಿಜ್ ಬೇಡ, ಒಲೆಯಿಂದ ದೂರ ತಂಪು ಜಾಗ ಸಾಕು. ಒಡೆದ ಮೇಲೆ ಸ್ಟೀಲ್ ಅಥವಾ ಗಾಜಿನ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟು ಎರಡು ದಿನದೊಳಗೆ ಮುಗಿಸಿ. ರಾಯಚೂರಿನ ಬಿಸಿಲಿಗೆ ಹೊರಗೆ ಒಂದು ತಾಸು ಉಳಿದರೂ ತಿನ್ನಬೇಡಿ. ಟ್ಯೂನಾ, ಬಂಗುಡೆಯಂಥ ಮೀನು ಸೆಕೆಯಲ್ಲಿ ಕುಳಿತರೆ ಬ್ಯಾಕ್ಟೀರಿಯಾದಿಂದ ಹಿಸ್ಟಮಿನ್ ಎಂಬ, ಮೈಗೆ ಆಗದ ವಸ್ತು ಹುಟ್ಟುತ್ತದೆ. ಮತ್ತೆ ಕುದಿಸಿದರೂ ಅದು ಹೋಗದು, ವಾಸನೆಯಿಂದಲೂ ತಿಳಿಯದಿರಬಹುದು. ತಿಂದಾಗ ನಾಲಿಗೆ ಚುರುಗುಟ್ಟುವುದು, ಆಮೇಲೆ ಮುಖ ಕೆಂಪಾಗಿ ತಲೆನೋವು ಬರುವುದು ಅದರ ಗುರುತು. ತೊಡಕೆಂದರೆ, ಕಾಳುಮೆಣಸು ಹಾಕಿದ ಡಬ್ಬಿಯಲ್ಲಿ ಆ ಚುರುಕು ಮಸಾಲೆಯದೇ ಅನ್ನಿಸಿಬಿಡುತ್ತದೆ. ಹಾಗಾಗಿ ನಾಲಿಗೆಯನ್ನಲ್ಲ, ಗಡಿಯಾರವನ್ನು ನಂಬಿ. ಇಬ್ಬರೇ ಇರುವ ಮನೆಗೆ 95 ಗ್ರಾಂನ ಸಣ್ಣ ಡಬ್ಬಿ ಲೇಸು. ಉಬ್ಬಿದ ಡಬ್ಬಿ ಇದ್ದರೆ ಒಡೆಯದೆ ಎಸೆಯಿರಿ.

ಪ್ರಶ್ನೆ: ಮಿರ್ಚಿಯೊಳಗೆ ತುಂಬಬಹುದೇ? (ಬಳ್ಳಾರಿ)

ಉತ್ತರ: ತುಂಬಬಹುದು, ಆದರೆ ಮೀನನ್ನು ಬಟ್ಟೆಯಲ್ಲಿ ಹಿಂಡಿ. ಪಸೆ ಉಳಿದರೆ ಎಣ್ಣೆಯಲ್ಲಿ ಹಬೆ ಎದ್ದು ಹಿಟ್ಟಿನ ಪದರ ಒಡೆಯುತ್ತದೆ. ಒಂದು ಡಬ್ಬಿಗೆ ಬೇಯಿಸಿದ ಆಲೂಗಡ್ಡೆ ಒಂದು, ಅಜ್ವಾನ ಚಿಟಿಕೆ. ಹತ್ತು ದಪ್ಪ ಮೆಣಸಿನಕಾಯಿಗೆ ಆಗುತ್ತದೆ. ಒಳಗಿನದು ಬೆಂದೇ ಇರುವುದರಿಂದ ಕಡಲೆಹಿಟ್ಟು ಹೊಂಬಣ್ಣಕ್ಕೆ ಬಂದರೆ ತೆಗೆಯಿರಿ. ಇದಕ್ಕೆ ಖಾರದ ಡಬ್ಬಿ ಬೇಡ, ಸಾದಾ ಎಣ್ಣೆಯದು ಸಾಕು. ಖಾರಕ್ಕೆ ಮೆಣಸಿನಕಾಯಿ ಇದೆಯಲ್ಲ.